ಕಾರ್ಟೂನ್ ನೋಡಿ ಅತ್ತಿದ್ದಕ್ಕೆ ಅಮ್ಮ ಕೇಳಿದ ಪ್ರಶ್ನೆ: ದೊಡ್ಡವರ ಅನಿಮೇಷನ್ ಅಂದರೆ ಏನು?

ಅಡಿಕೆಸಿಪ್ಪೆ

ಎಲ್ಲರಿಗೂ ನಮಸ್ಕಾರ. ಕಳೆದ ಭಾನುವಾರ ರಾತ್ರಿ ಹಾಲ್‌ನಲ್ಲಿ ಕೂತು ಬೋಜ್ಯಾಕ್ ಹಾರ್ಸ್‌ಮನ್ ಅನ್ನುವ ಅಮೆರಿಕದ ಕಾರ್ಟೂನ್ ಸರಣಿ ಎರಡನೇ ಸಲ ನೋಡುತ್ತಿದ್ದೆ. ನಾಲ್ಕನೇ ಸೀಸನ್‌ನ 11ನೇ ಸಂಚಿಕೆ, 'ಟೈಮ್ಸ್ ಆರೋ'. ಕಣ್ಣು ಒರೆಸಿಕೊಳ್ಳುತ್ತಿದ್ದಾಗ ಅಮ್ಮ ನೀರು ಕುಡಿಯೋಕೆ ಎದ್ದು ಬಂದರು. ಟಿವಿಯಲ್ಲಿ ಜಾಕೆಟ್ ಹಾಕಿಕೊಂಡ ಕುದುರೆ. ಒಂದು ನಿಮಿಷ ನಿಂತು ನೋಡಿ, "ಮೂವತ್ತೈದು ಆಯ್ತು ನಿಂಗೆ, ಕುದುರೆ ಕಾರ್ಟೂನ್ ನೋಡಿ ಅಳ್ತೀಯಾ?" ಅಂದರು. ಬೈದಿದ್ದಲ್ಲ. ಅರ್ಥವಾಗದೆ ಕೇಳಿದ್ದು.

"ಇದು ದೊಡ್ಡವರ ಕಾರ್ಟೂನ್ ಅಮ್ಮ" ಅಂದೆ. ಅವರ ಮುಖ ಬದಲಾಯಿತು. ದೊಡ್ಡವರದ್ದು ಅಂದ ಕೂಡಲೇ ಅವರಿಗೆ ಬೇರೆಯೇ ಅರ್ಥ ಹೊಳೆಯಿತು. ಸುಮ್ನೆ ಒಳಗೆ ಹೋದರು. ಅದು ಮನಸ್ಸಿಗೆ ಚುಚ್ಚಿತು.

ಯಾಕೆ ಚುಚ್ಚಿತು ಅಂದರೆ, ನಮ್ಮ ಮನೆಯಲ್ಲಿ ಅಜ್ಜಿ ಇದ್ದಾರೆ, 86 ವರ್ಷ. ಎರಡು ವರ್ಷದಿಂದ ಮರೆವಿನ ಕಾಯಿಲೆ. ಸಂಜೆ ಆದರೆ ಸಾಕು, ಬಟ್ಟೆ ಚೀಲ ಹಿಡಿದು ಬಾಗಿಲ ಹತ್ತಿರ ನಿಂತು "ತೀರ್ಥಳ್ಳಿ ಬಸ್ಸು ಬಂತಾ?" ಅಂತ ಕೇಳುತ್ತಾರೆ. ನಾವಿರುವುದು ಬೆಂಗಳೂರಿನಲ್ಲಿ, ಮೂರನೇ ಮಹಡಿ. ಅಮ್ಮ ಪ್ರತಿ ಸಲವೂ "ಬಸ್ಸಿಲ್ಲ ಅತ್ತೆ, ಇದು ಬೆಂಗಳೂರು, ಊರಿನ ಮನೆ ಮಾರಿ ಆಯ್ತು" ಅಂತ ತಿದ್ದುತ್ತಾರೆ. ಅಜ್ಜಿ ಅಳುತ್ತಾರೆ. ಮಾರನೇ ದಿನ ಸಂಜೆ ಮತ್ತೆ ಅದೇ ಬಸ್ಸು.

ಆ ಸಂಚಿಕೆ ಇರುವುದು ಬೋಜ್ಯಾಕ್‌ನ ತಾಯಿ ಬಿಯಾಟ್ರಿಸ್‌ಳ ತಲೆಯೊಳಗೆ. ಅವಳಿಗೂ ಇದೇ ಕಾಯಿಲೆ. ಒಂದು ನೆನಪಿನ ಬಾಗಿಲು ತೆಗೆದರೆ ಇನ್ನೊಂದು ನೆನಪು. ಅಕ್ಕಪಕ್ಕದ ಜನಕ್ಕೆ ಮುಖವೇ ಇಲ್ಲ, ನುಣ್ಣಗೆ ಖಾಲಿ. ಹೆನ್ರಿಯೆಟಾ ಅನ್ನುವ ಕೆಲಸದ ಹುಡುಗಿಯ ಮುಖದ ಮೇಲೆ ಮಾತ್ರ ಕಪ್ಪು ಗೀಚು. ಪೆನ್ನಿನಿಂದ ಸಿಟ್ಟಿನಲ್ಲಿ ಗೀಚಿದ ಹಾಗೆ. ಅವಳನ್ನು ಮರೆತಿದ್ದಲ್ಲ, ಮರೆಯಬೇಕು ಅಂತ ಅಳಿಸಿದ್ದು. ಇದನ್ನು ಕ್ಯಾಮೆರಾ ಇಟ್ಟು ನಟರಿಂದ ಮಾಡಿಸೋಕೆ ಆಗುತ್ತಾ? ಗೆರೆಗೆ ಮಾತ್ರ ಆಗುವ ಕೆಲಸ ಅದು.

ನನ್ನ ಪ್ರಶ್ನೆ ಎರಡು. ಒಂದು, ದೊಡ್ಡವರ ಅನಿಮೇಷನ್ ಅಂದರೆ ಬೈಗುಳ, ರಕ್ತ, ಬೆತ್ತಲೆ ಅನ್ನುವ ಹೆಸರು ಯಾಕೆ ಬಂತು? ಎರಡು, ಅಮ್ಮನಿಗೆ ಮೊದಲು ಏನು ತೋರಿಸಲಿ? ಇಂಗ್ಲಿಷ್ ಅವರಿಗೆ ಅಷ್ಟಕ್ಕಷ್ಟೆ.

ಮಂಡಕ್ಕಿ

ಮೊದಲು ಅಮ್ಮನ ಪಕ್ಕ ಕೂತುಕೊಂಡು ನೀವೇ ಮಾತು ಹೇಳುತ್ತಾ ತೋರಿಸಿ. ಯಾವ ಕಾರ್ಟೂನ್ ಅನ್ನುವುದು ಆಮೇಲೆ.

ರಾತ್ರಿಪಾಳಿ

ಬೈಗುಳದ ಮೇಲೆ ಯಾಕಿಷ್ಟು ಕೋಪ? ಸೌತ್ ಪಾರ್ಕ್ ಬೈಗುಳದಿಂದಲೇ ಶುರುವಾಯಿತು, 1997ರಲ್ಲಿ. ಆದರೆ ಅಮೆರಿಕದ ರಾಜಕೀಯ, ಧರ್ಮ, ಸಿನಿಮಾ ತಾರೆಯರು, ಯಾರನ್ನೂ ಬಿಡದೆ ಕೇಳಿದ ಕಾರ್ಯಕ್ರಮ ಅದು. ಅದೂ ಆರು ದಿನದಲ್ಲಿ ಒಂದು ಸಂಚಿಕೆ ಮಾಡಿ! ಗುರುವಾರ ಕತೆ ಯೋಚನೆ ಮಾಡಿ ಮುಂದಿನ ಬುಧವಾರ ಪ್ರಸಾರ. ಇಷ್ಟು ವರ್ಷ ಹೀಗೆ ಓಡಿ, ಮೊದಲ ಸಲ ಗಡುವು ತಪ್ಪಿದ್ದು 2013ರ ಅಕ್ಟೋಬರ್‌ನಲ್ಲಿ. ಅದೂ ಸ್ಟುಡಿಯೋದಲ್ಲಿ ಕರೆಂಟು ಹೋಗಿದ್ದಕ್ಕೆ. ಬಣ್ಣದ ಕಾಗದ ಕತ್ತರಿಸಿ ಇಷ್ಟು ವೇಗವಾಗಿ ಮಾಡುವುದು ಸಾಮಾನ್ಯ ಅಲ್ಲ.

ಬೈಗುಳ ತೆಗೆದರೆ ಅದರ ಧೈರ್ಯವೂ ಹೋಗುತ್ತೆ ಅಂತ ನನ್ನ ಅಭಿಪ್ರಾಯ.

ಗೆರೆಗಾರ

ರಾತ್ರಿಪಾಳಿ, ಒಂದು ತಿದ್ದುಪಡಿ. ಕಾಗದ ಕತ್ತರಿಸಿ ಮಾಡಿದ್ದು ಮೊದಲ ಸಂಚಿಕೆ ಮಾತ್ರ. ಆಮೇಲಿನದ್ದೆಲ್ಲ ಕಂಪ್ಯೂಟರ್. ಕಾಗದದ ಹಾಗೆ ಕಾಣುವಂತೆ ಬೇಕಂತಲೇ ಮಾಡುತ್ತಾರೆ. ಕಾಗದದಲ್ಲಿ ಆರು ದಿನಕ್ಕೆ ಮುಗಿಯುವುದು ಸಾಧ್ಯವೇ ಇಲ್ಲ.

ನಾನು ಹನ್ನೊಂದು ವರ್ಷದಿಂದ ಬೆಂಗಳೂರಿನಲ್ಲಿ ಇದೇ ಕೆಲಸ ಮಾಡುತ್ತಿದ್ದೇನೆ. ಮಕ್ಕಳದ್ದೂ ಮಾಡಿದ್ದೇನೆ, ದೊಡ್ಡವರದ್ದೂ ಮಾಡಿದ್ದೇನೆ. ಬಿಡುವಾದಾಗ ಬರೆಯುತ್ತೇನೆ.

ಹಳೇರೀಲು

ಮೊದಲ ಪ್ರಶ್ನೆಗೆ ನಾನು ಉತ್ತರ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ಕಾರ್ಟೂನ್ ಮಕ್ಕಳದ್ದು ಅನ್ನುವುದು ಮೊದಲಿನಿಂದ ಇದ್ದ ಮಾತೇ ಅಲ್ಲ. 1930ರ ದಶಕದಲ್ಲಿ ಅಮೆರಿಕದ ಥಿಯೇಟರ್‌ಗಳಲ್ಲಿ ಮುಖ್ಯ ಸಿನಿಮಾಗೆ ಮೊದಲು ಚಿಕ್ಕ ಕಾರ್ಟೂನ್ ಹಾಕುತ್ತಿದ್ದರು. ಟಿಕೆಟ್ ತೆಗೆದುಕೊಂಡ ಎಲ್ಲರೂ ನೋಡುತ್ತಿದ್ದರು. ಬೆಟ್ಟಿ ಬೂಪ್ ಅನ್ನುವ ಕಾರ್ಟೂನ್ ಹುಡುಗಿ ಆ ಕಾಲದವಳು. 1934ರಲ್ಲಿ ಸಿನಿಮಾ ನಿಯಮ ಬಿಗಿಯಾದ ಮೇಲೆ ಅವಳ ಲಂಗ ಉದ್ದವಾಯಿತು, ಮಾತು ಮೆತ್ತಗಾಯಿತು. 1960ರಲ್ಲಿ ಫ್ಲಿಂಟ್‌ಸ್ಟೋನ್ಸ್ ಬಂದಾಗಲೂ ಎಬಿಸಿ ಚಾನೆಲ್ ಅದನ್ನು ಹಾಕಿದ್ದು ರಾತ್ರಿ, ಮನೆಮಂದಿಯೆಲ್ಲ ಟಿವಿ ಮುಂದೆ ಕೂರುವ ಹೊತ್ತಿನಲ್ಲಿ. ಅದರ ಪಾತ್ರಗಳಾದ ಫ್ರೆಡ್ ಮತ್ತು ಬಾರ್ನಿ ವಿನ್‌ಸ್ಟನ್ ಸಿಗರೇಟು ಸೇದುವ ಜಾಹೀರಾತೇ ಇತ್ತು.

ಬದಲಾಗಿದ್ದು ಅದೇ ದಶಕದ ಕೊನೆಗೆ. ಟಿವಿಯವರು ಕಾರ್ಟೂನ್‌ಗಳನ್ನು ಶನಿವಾರ ಬೆಳಗ್ಗೆಗೆ ತಳ್ಳಿದರು. ಅಪ್ಪ ಅಮ್ಮ ಮಲಗಿರುತ್ತಾರೆ, ಮಕ್ಕಳು ಎದ್ದಿರುತ್ತಾರೆ, ಆಟಿಕೆ ಮತ್ತು ತಿಂಡಿ ಜಾಹೀರಾತು ಹಾಕಬಹುದು. ಖರ್ಚು ಕಡಿಮೆ ಮಾಡೋಕೆ ಚಿತ್ರಗಳನ್ನೂ ಕಡಿಮೆ ಮಾಡಿದರು. ಅಷ್ಟೇ. ಒಂದು ಲೆಕ್ಕಾಚಾರ ಒಂದು ಇಡೀ ಕಲೆಗೆ ವಯಸ್ಸು ಕಟ್ಟಿಬಿಟ್ಟಿತು.

ಆ ಬೇಲಿ ಮುರಿಯೋಕೆ ಬಂದವರು ಜೋರಾಗಿಯೇ ಮುರಿದರು. 1972ರಲ್ಲಿ ರಾಲ್ಫ್ ಬಕ್ಷಿ ಮಾಡಿದ 'ಫ್ರಿಟ್ಜ್ ದ ಕ್ಯಾಟ್' ಅಮೆರಿಕದಲ್ಲಿ ದೊಡ್ಡವರಿಗೆ ಮಾತ್ರ ಅನ್ನುವ ಎಕ್ಸ್ ಸರ್ಟಿಫಿಕೇಟ್ ಪಡೆದ ಮೊದಲ ಅನಿಮೇಷನ್ ಸಿನಿಮಾ. ದುಡ್ಡೂ ಮಾಡಿತು. ಮೂಲ ಕಾಮಿಕ್ಸ್ ಬರೆದ ರಾಬರ್ಟ್ ಕ್ರಂಬ್‌ಗೆ ಆ ಸಿನಿಮಾ ಎಷ್ಟು ಬೇಜಾರು ತಂದಿತು ಅಂದರೆ, ಕಾಮಿಕ್ಸ್‌ನಲ್ಲಿ ಆ ಬೆಕ್ಕನ್ನೇ ಸಾಯಿಸಿಬಿಟ್ಟರು. ದೊಡ್ಡವರದ್ದು ಅಂದರೆ ಇಂಥದ್ದೇ ಅನ್ನುವ ಹೆಸರು ಅಲ್ಲಿಂದ ಅಂಟಿಕೊಂಡಿತು ಅಂತ ನನಗೆ ಅನ್ನಿಸುತ್ತೆ.

ಕಡಲೆಮಿಠಾಯಿ

ಸಿಂಪ್ಸನ್ಸ್ ಬಿಟ್ಟಿರಲ್ಲ? 1987ರಿಂದ ಬರ್ತಿದೆ.

ಹಳೇರೀಲು

1987ರಲ್ಲಿ ಟ್ರೇಸಿ ಉಲ್ಮನ್ ಶೋ ಒಳಗೆ ಚಿಕ್ಕ ಚಿಕ್ಕ ತುಣುಕಾಗಿ ಬಂತು. ಅರ್ಧ ಗಂಟೆಯ ಸ್ವಂತ ಕಾರ್ಯಕ್ರಮ ಆಗಿದ್ದು 1989ರ ಡಿಸೆಂಬರ್ 17ಕ್ಕೆ. ಕಾರ್ಟೂನ್ ಮತ್ತೆ ರಾತ್ರಿ ಹೊತ್ತಿಗೆ ಬಂದು ಗಟ್ಟಿಯಾಗಿ ಕೂತಿದ್ದು ಅದರಿಂದ. ಇವತ್ತಿಗೂ ನಿಂತಿಲ್ಲ.

ನ್ಯೂಜೆರ್ಸಿ_ಮೈಸೂರಿಗ

ಸಿಂಪ್ಸನ್ಸ್ ಮಾತು ಬಂತು, ಹಾಗಾಗಿ ಹೇಳುತ್ತೇನೆ. ನಾನು ಒಂಬತ್ತು ವರ್ಷದವನಿದ್ದಾಗ ಅಪ್ಪನ ಕೆಲಸಕ್ಕೆ ನಾವು ಅಮೆರಿಕಕ್ಕೆ ಬಂದೆವು. 1990ರ ದಶಕ. ಕ್ಲಾಸಿನಲ್ಲಿ ನಾನೊಬ್ಬನೇ ಭಾರತೀಯ. ನನ್ನ ಹೆಸರು ಯಾರಿಗೂ ಬಾಯಿಗೆ ಬರಲಿಲ್ಲ. ಎರಡನೇ ವಾರದಿಂದ ನಾನು 'ಅಪು' ಆದೆ, ಸಿಂಪ್ಸನ್ಸ್‌ನಲ್ಲಿ ಬರುವ ಭಾರತೀಯ ಅಂಗಡಿಯವ. ಊಟದ ಸಾಲಿನಲ್ಲಿ ನನ್ನ ಹಿಂದೆ ನಿಂತು "ಥ್ಯಾಂಕ್ ಯೂ, ಕಮ್ ಅಗೇನ್" ಅಂತ ಆ ಧಾಟಿಯಲ್ಲಿ ಹೇಳುತ್ತಿದ್ದರು. ಡಬ್ಬಿಯಲ್ಲಿ ಅಮ್ಮ ಚಿತ್ರಾನ್ನ ಹಾಕಿರುತ್ತಿದ್ದರು. ಮುಚ್ಚಳ ಅರ್ಧ ಮಾತ್ರ ತೆಗೆದು ತಿನ್ನುತ್ತಿದ್ದೆ, ಯಾರಿಗೂ ಅರಿಶಿನ ಬಣ್ಣ ಕಾಣಬಾರದು ಅಂತ.

ಆ ಪಾತ್ರಕ್ಕೆ ದನಿ ಕೊಟ್ಟಿದ್ದು ಹ್ಯಾಂಕ್ ಅಜೇರಿಯಾ, ಭಾರತೀಯರಲ್ಲ. 2017ರಲ್ಲಿ ಹರಿ ಕೊಂಡಬೋಲು ಅನ್ನುವ ಹಾಸ್ಯ ಕಲಾವಿದ ಇದರ ಮೇಲೆ ಸಾಕ್ಷ್ಯಚಿತ್ರ ಮಾಡಿದರು. 2020ರಲ್ಲಿ ಅಜೇರಿಯಾ ಇನ್ನು ಆ ದನಿ ಕೊಡುವುದಿಲ್ಲ ಅಂದರು. ಆಮೇಲೆ ಕ್ಷಮೆಯನ್ನೂ ಕೇಳಿದರು. ಸುದ್ದಿ ಓದಿದ ದಿನ ಆಫೀಸಿನಲ್ಲಿ ಎದ್ದು ಹೊರಗೆ ಹೋಗಿ ಒಂದು ಸುತ್ತು ಹಾಕಿ ಬಂದೆ.

ದೊಡ್ಡವರ ಅನಿಮೇಷನ್ ಅಂತ ಹೆಸರಿಟ್ಟರೂ ಅದನ್ನು ಶಾಲೆ ಮಕ್ಕಳೇ ನೋಡುತ್ತಿದ್ದರು. ಇದನ್ನು ಮರೆಯಬೇಡಿ.

ರಾತ್ರಿಪಾಳಿ

ಓದಿ ಬೇಜಾರಾಯಿತು. ಆದರೂ ಒಂದು ಮಾತು. ಅಪು ಆ ಊರಿನಲ್ಲಿ ದಡ್ಡ ಅಲ್ಲ. ಓದಿದವನು, ಕಷ್ಟಪಟ್ಟು ದುಡಿಯುವವನು, ಸಿಂಪ್ಸನ್ಸ್ ಮನೆಯ ಅಪ್ಪ ಹೋಮರ್‌ಗಿಂತ ಒಳ್ಳೆಯ ಮನುಷ್ಯ. ಅವನನ್ನು ಪ್ರೀತಿಯಿಂದಲೇ ಬರೆದಿದ್ದರು ಅಂತ ನನಗೆ ಅನ್ನಿಸುತ್ತೆ.

ನ್ಯೂಜೆರ್ಸಿ_ಮೈಸೂರಿಗ

ಬರೆದವರಿಗೆ ಪ್ರೀತಿ ಇದ್ದಿರಬಹುದು. ಶಾಲೆಯ ಊಟದ ಸಾಲಿಗೆ ಬಂದಿದ್ದು ದನಿ ಮಾತ್ರ. ಪ್ರೀತಿ ಬರಲಿಲ್ಲ. ಆಗ ಟಿವಿಯಲ್ಲಿ ನಮ್ಮಂಥವರು ಇನ್ನೂ ಹತ್ತು ಜನ ಇದ್ದಿದ್ದರೆ ಒಬ್ಬ ಅಪು ಇಷ್ಟು ಭಾರ ಆಗುತ್ತಿರಲಿಲ್ಲ.

ಮಂಡಕ್ಕಿ

ಇದಕ್ಕೆ ಎದುರು ಮಾತಿಲ್ಲ.

ಬೆಳವಲದ_ಹುಡುಗಿ

ಅಡಿಕೆಸಿಪ್ಪೆ, ಅಮ್ಮನಿಗೆ 'ಆರ್ಕೇನ್' ತೋರಿಸಿ! 2021ರಲ್ಲಿ ಮೊದಲ ಸೀಸನ್, 2024ರಲ್ಲಿ ಎರಡನೆಯದು, ಮುಗಿಯಿತು. ಪ್ಯಾರಿಸ್‌ನ ಫೋರ್ಟಿಶ್ ಸ್ಟುಡಿಯೋ ಮಾಡಿದ್ದು. ಲೀಗ್ ಆಫ್ ಲೆಜೆಂಡ್ಸ್ ಅನ್ನುವ ಕಂಪ್ಯೂಟರ್ ಆಟದ ಪಾತ್ರಗಳು. ನಾನು ಆ ಆಟ ಒಂದು ದಿನವೂ ಆಡಿಲ್ಲ, ಆದರೂ ಎರಡು ರಾತ್ರಿಯಲ್ಲಿ ಪೂರ್ತಿ ನೋಡಿ ಮುಗಿಸಿದೆ. ಅಕ್ಕ ತಂಗಿಯ ಕತೆ. ಮುಖದ ಮೇಲೆ ಕುಂಚದ ಗುರುತು ಕಾಣುತ್ತೆ, ಮೂರು ಆಯಾಮದ ಗೊಂಬೆಗೆ ಕೈಯಲ್ಲಿ ಬಣ್ಣ ಬಳಿದ ಹಾಗೆ. ಮೂರನೇ ಸಂಚಿಕೆಯಲ್ಲಿ ತಂಗಿ ಅಕ್ಕನನ್ನು ಕಾಪಾಡೋಕೆ ಅಂತ ಮಾಡಿದ ಬಾಂಬು ತನ್ನವರನ್ನೇ ಕೊಂದಾಗ, ನಾನು ಫೋನ್ ಪಕ್ಕಕ್ಕಿಟ್ಟು ಕೂತುಬಿಟ್ಟೆ.

2022ರಲ್ಲಿ ಅಮೆರಿಕದ ಟಿವಿ ಪ್ರಶಸ್ತಿ ಎಮ್ಮಿಯನ್ನೂ ಗೆದ್ದಿತು.

ಕಡಲೆಮಿಠಾಯಿ

ಅಯ್ಯೋ, ನಾನು ಎರಡನೇ ಸಂಚಿಕೆಯಲ್ಲಿದ್ದೆ! ಕತೆ ಹೇಳುವ ಮುಂಚೆ ಒಂದು ಎಚ್ಚರಿಕೆ ಹಾಕಬಾರದಾ?

ಬೆಳವಲದ_ಹುಡುಗಿ

ದಯವಿಟ್ಟು ಕ್ಷಮಿಸಿ. ಉತ್ಸಾಹದಲ್ಲಿ ಹೇಳಿಬಿಟ್ಟೆ. ಆದರೆ ಗೊತ್ತಿದ್ದೂ ನೋಡಿದರೆ ಇನ್ನೂ ಹೊಟ್ಟೆ ಕಲಕುತ್ತೆ, ನಂಬಿ. ನಾನು ಮೂರು ಸಲ ನೋಡಿದ್ದೇನೆ.

ಹಳೇರೀಲು

ಅಮ್ಮನಿಗೆ ಆರ್ಕೇನ್ ಬೇಡ ಅನ್ನುತ್ತೇನೆ. ಓಟ ಜಾಸ್ತಿ, ಹೊಡೆದಾಟ ಜಾಸ್ತಿ. 'ಪರ್ಸೆಪೊಲಿಸ್' ತೋರಿಸಿ. 2007ರ ಫ್ರೆಂಚ್ ಸಿನಿಮಾ. ಹೆಚ್ಚುಕಡಿಮೆ ಪೂರ್ತಿ ಕಪ್ಪು ಬಿಳುಪು. ಮರ್ಜಾನೆ ಸತ್ರಪಿ ತಮ್ಮ ಬಾಲ್ಯದ ಕತೆಯನ್ನು ತಾವೇ ಹೇಳಿದ್ದಾರೆ, 1979ರ ಇರಾನ್ ಕ್ರಾಂತಿಯ ಕಾಲದ್ದು. ಅದರಲ್ಲಿ ಒಬ್ಬ ಅಜ್ಜಿ ಇದ್ದಾರೆ. ಮಲಗುವ ಮುಂಚೆ ಎದೆಯ ಹತ್ತಿರ ಮಲ್ಲಿಗೆ ಹೂ ಇಟ್ಟುಕೊಳ್ಳುವ ಅಜ್ಜಿ. ಮೊಮ್ಮಗಳು ಅಪ್ಪಿಕೊಂಡಾಗ ಆ ವಾಸನೆ. ಕೊನೆಯಲ್ಲಿ ಹೂ ಉದುರುತ್ತೆ. ಮಲ್ಲಿಗೆ ಏನು ಅಂತ ನಮ್ಮ ಅಮ್ಮಂದಿರಿಗೆ ಯಾರೂ ಅನುವಾದ ಮಾಡಿ ಹೇಳಬೇಕಿಲ್ಲ.

ಹಳ್ಳಿಮೇಷ್ಟ್ರು

ಇಷ್ಟೆಲ್ಲ ಯಾಕೆ, ನಮ್ಮ ತೊಗಲು ಗೊಂಬೆಯಾಟ ಮಕ್ಕಳಿಗೆ ಅಂತ ಇತ್ತಾ? ರಾತ್ರಿ ಊಟ ಮುಗಿದ ಮೇಲೆ ಶುರು, ಬೆಳಗಾಗುವ ತನಕ. ಕಿಳ್ಳೇಕ್ಯಾತ, ಬಂಗಾರಕ್ಕ ಬಂದರೆ ಪೋಲಿ ಮಾತು ಶುರು, ದೊಡ್ಡವರು ಹೊಟ್ಟೆ ಹಿಡಿದು ನಗುತ್ತಿದ್ದರು. ಅದೇ ಪರದೆ ಮೇಲೆ ಅರ್ಧ ಗಂಟೆ ಆದಮೇಲೆ ರಾಮಾಯಣದ ದುಃಖ. ಪೋಲಿತನ ಮತ್ತು ಕಣ್ಣೀರು ಒಂದೇ ರಾತ್ರಿಯಲ್ಲಿ. ಪರದೆ ಹಿಂದೆ ದೀಪ, ತೊಗಲು, ಬಣ್ಣ. ಇದೂ ಚಲಿಸುವ ಚಿತ್ರವೇ ಅಲ್ವಾ?

ಗೆರೆಗಾರ

ಮೇಷ್ಟ್ರೇ, ಪೂರ್ತಿ ಒಪ್ಪಲಾರೆ. ಗೊಂಬೆಯಾಟದಲ್ಲಿ ಆಡಿಸುವವನ ಕೈ ಆ ಕ್ಷಣದಲ್ಲೇ ಇರುತ್ತೆ. ಜನ ನಕ್ಕರೆ ಮಾತು ಎಳೆಯುತ್ತಾನೆ. ಅನಿಮೇಷನ್‌ನಲ್ಲಿ ನಾವು ಒಂದೊಂದು ಫ್ರೇಮ್ ನಿಲ್ಲಿಸಿ ಕೂತು ಮಾಡುತ್ತೇವೆ, ಜನ ಯಾರು ಅಂತಲೇ ಗೊತ್ತಿಲ್ಲದೆ. ಆದರೆ ನೀವು ಹೇಳಿದ ಕೊನೆಯ ಮಾತು ಸರಿ. ಎರಡೂ ಒಂದೇ ರಾತ್ರಿಯಲ್ಲಿ ಇರಬಹುದು. ರಾತ್ರಿಪಾಳಿ ಮತ್ತು ಅಡಿಕೆಸಿಪ್ಪೆ ಜಗಳವಾಡುವ ಅಗತ್ಯವೇ ಇಲ್ಲ.

ಗೊಂಬೆ ಅಂದಿದ್ದಕ್ಕೆ ನೆನಪಾಯಿತು. 'ಅನೋಮಲೀಸಾ' ನೋಡಿ, 2015ರದ್ದು. ಚಾರ್ಲಿ ಕಾಫ್ಮನ್ ಮತ್ತು ಡ್ಯೂಕ್ ಜಾನ್ಸನ್. ಹೋಟೆಲಿಗೆ ಬಂದ ಒಬ್ಬ ಒಂಟಿ ಗಂಡಸು. ಅವನಿಗೆ ಜಗತ್ತಿನ ಎಲ್ಲರ ಮುಖವೂ ಒಂದೇ, ದನಿಯೂ ಒಂದೇ. ಹೆಂಡತಿಗೂ, ಮಗನಿಗೂ, ಟ್ಯಾಕ್ಸಿಯವನಿಗೂ ದನಿ ಕೊಟ್ಟಿದ್ದು ಒಬ್ಬರೇ ನಟ, ಟಾಮ್ ನೂನನ್. ಗೊಂಬೆಗಳ ಮುಖದಲ್ಲಿ ಕಣ್ಣಿನ ಹತ್ತಿರ ಜೋಡಣೆಯ ಗೆರೆ ಕಾಣುತ್ತೆ. ಬೇರೆಯವರಾದರೆ ಕಂಪ್ಯೂಟರ್‌ನಲ್ಲಿ ಅಳಿಸುತ್ತಾರೆ. ಇವರು ಬೇಕಂತಲೇ ಬಿಟ್ಟರು. ದೊಡ್ಡವರಿಗೆ ಅನ್ನುವ ಆರ್ ಸರ್ಟಿಫಿಕೇಟ್ ಇದ್ದೂ ಆಸ್ಕರ್‌ನ ಅನಿಮೇಷನ್ ವಿಭಾಗಕ್ಕೆ ನಾಮನಿರ್ದೇಶನಗೊಂಡ ಮೊದಲ ಸಿನಿಮಾ ಅದು. ಅಮ್ಮನ ಜೊತೆ ನೋಡುವಂಥದ್ದಲ್ಲ, ಒಂದು ಹಾಸಿಗೆ ದೃಶ್ಯ ಇದೆ. ಆದರೆ ಎಷ್ಟು ಸಂಕೋಚದ, ಎಷ್ಟು ನಿಜವಾದ ದೃಶ್ಯ ಅಂದರೆ, ಗೊಂಬೆಗಳು ಅನ್ನುವುದೇ ಮರೆಯುತ್ತೆ.

ಕಡಲೆಮಿಠಾಯಿ

ನನ್ನದು ಬೇರೆ ಚಿಂತೆ. ನಾನು ಇಬ್ಬರು ಮಕ್ಕಳ ತಾಯಿ. ಕಾರ್ಟೂನ್ ಕಂಡರೆ ಸಾಕು, ಮಗ ಹಾಕಿಬಿಡುತ್ತಾನೆ. ಎಂಟು ವರ್ಷ ಅವನಿಗೆ. ಹೋದ ವರ್ಷ 'ಹ್ಯಾಪಿ ಟ್ರೀ ಫ್ರೆಂಡ್ಸ್' ಸಿಕ್ಕಿಬಿಟ್ಟಿತು. ಮುದ್ದು ಮುದ್ದು ಪ್ರಾಣಿಗಳು, ಗುಲಾಬಿ ಬಣ್ಣ, ಮಕ್ಕಳ ಹಾಡಿನಂಥ ಸಂಗೀತ. ನಾನು ಅಡುಗೆಮನೆಯಲ್ಲಿದ್ದೆ. ಐದು ನಿಮಿಷಕ್ಕೆ ಬಂದು ನನ್ನ ಸೀರೆ ಸೆರಗು ಹಿಡಿದುಕೊಂಡು ನಿಂತ. ಏನೂ ಹೇಳಲಿಲ್ಲ. ಆಮೇಲೆ ನೋಡಿದರೆ ಆ ಪ್ರಾಣಿಗಳ ಕಣ್ಣು, ಕರುಳು ಎಲ್ಲ ಹೊರಗೆ. ಮೂರು ರಾತ್ರಿ ಅವನು ಲೈಟ್ ಆರಿಸೋಕೆ ಬಿಡಲಿಲ್ಲ.

ದೊಡ್ಡವರಿಗೆ ಮಾಡಿ, ಬೇಡ ಅನ್ನಲ್ಲ. ಆದರೆ ಮಕ್ಕಳ ವೇಷ ಹಾಕಿಸಿ ಯಾಕೆ ಮಾಡಬೇಕು?

ಹಳೇರೀಲು

ಸರಿಯಾದ ಸಿಟ್ಟು. ಬ್ರಿಟನ್ನಿನಲ್ಲೂ ಇದೇ ಆಗಿತ್ತು. 'ವಾಟರ್‌ಶಿಪ್ ಡೌನ್', 1978. ಮೊಲಗಳ ಕತೆ ಅಂತ ಯು ಸರ್ಟಿಫಿಕೇಟ್ ಕೊಟ್ಟರು. ಒಳಗೆ ನೋಡಿದರೆ ಮೊಲಗಳು ಒಂದನ್ನೊಂದು ಸೀಳುತ್ತವೆ. ಒಂದು ಇಡೀ ತಲೆಮಾರಿನ ಮಕ್ಕಳು ಅಪ್ಪ ಅಮ್ಮನ ಪಕ್ಕ ಕೂತು ಹೆದರಿದರು. ಎಷ್ಟೋ ವರ್ಷ ಆದಮೇಲೆ ಅದನ್ನು ಪಿಜಿಗೆ, ಅಂದರೆ ದೊಡ್ಡವರ ಮಾರ್ಗದರ್ಶನ ಬೇಕು ಅನ್ನುವ ಗುರುತಿಗೆ, ಬದಲಾಯಿಸಿದರು. ಚೆನ್ನಾದ ಸಿನಿಮಾ, ತಪ್ಪು ಚೀಟಿ.

ನಮ್ಮಲ್ಲಿ 2021ರ ನಿಯಮದ ಪ್ರಕಾರ ಒಟಿಟಿಯವರು ಪ್ರತಿ ಕಾರ್ಯಕ್ರಮಕ್ಕೂ ವಯಸ್ಸಿನ ಗುರುತು ಹಾಕಲೇಬೇಕು: ಯು, ಯು/ಎ 7+, 13+, 16+, ಎ. ಕಾರ್ಟೂನ್ ಅಂತ ವಿನಾಯಿತಿ ಇಲ್ಲ. ಶುರುವಾಗುವಾಗ ಪರದೆಯ ಮೂಲೆಯಲ್ಲಿ ಬರುತ್ತೆ. ಮಗನ ಹೆಸರಿನಲ್ಲಿ ಬೇರೆ ಪ್ರೊಫೈಲ್ ಮಾಡಿ, ನಿಮ್ಮದಕ್ಕೆ ಪಿನ್ ಹಾಕಿ.

ಕಡಲೆಮಿಠಾಯಿ

ಹಾಕಿದ್ದೇನೆ. ಅವನು ನೋಡಿದ್ದು ಒಟಿಟಿಯಲ್ಲಿ ಅಲ್ಲ, ಸುಮ್ನೆ ವಿಡಿಯೋ ತಾಣದಲ್ಲಿ. ಅಲ್ಲಿ ಮೂಲೆಯ ಗುರುತು ಇಲ್ಲ.

ಗೆರೆಗಾರ

ಬಿಡುವಾಯಿತು, ಬರೆಯುತ್ತೇನೆ ಅಂದಿದ್ದೆನಲ್ಲ.

ಅಮೆರಿಕದ ಅನಿಮೇಷನ್ ಅನ್ನುತ್ತೀವಿ. ಕತೆ ಬರೆಯುವುದು, ದನಿ ಧ್ವನಿಮುದ್ರಣ, ಸ್ಟೋರಿಬೋರ್ಡ್ (ದೃಶ್ಯಗಳ ಕರಡು ಚಿತ್ರ) ಅಲ್ಲಿ ಆಗುತ್ತೆ. ಕೈ ಸವೆಯುವ ಕೆಲಸ ಮೊದಲಿನಿಂದಲೂ ಹೆಚ್ಚಾಗಿ ಪೂರ್ವಕ್ಕೆ ಬರುತ್ತೆ. ಸಿಂಪ್ಸನ್ಸ್ ಚಿತ್ರಗಳನ್ನು ಎಷ್ಟೋ ವರ್ಷ ಬರೆದಿದ್ದು ದಕ್ಷಿಣ ಕೊರಿಯಾದ ಸ್ಟುಡಿಯೋದವರು. ಭಾರತಕ್ಕೂ ಇಂಥ ಕೆಲಸ ಬರುತ್ತೆ.

ಒಂದು ಚಿಕ್ಕ ವಿಷಯ ಹೇಳುತ್ತೇನೆ. ಪ್ರತಿ ಪಾತ್ರಕ್ಕೂ ನಮಗೆ ಒಂದು ಬಾಯಿಯ ಪಟ್ಟಿ ಕೊಡುತ್ತಾರೆ. ಎಂಟೋ ಒಂಬತ್ತೋ ಬಾಯಿ. ಅಗಲ ತೆರೆದಿದ್ದು, ದುಂಡಗಿದ್ದು, ತುಟಿ ಮುಚ್ಚಿದ್ದು, ಹಲ್ಲು ತುಟಿಗೆ ತಾಗಿದ್ದು, ಹೀಗೆ. ದನಿ ಕೇಳಿ ಯಾವ ಫ್ರೇಮಿಗೆ ಯಾವ ಬಾಯಿ ಅಂತ ಕೂರಿಸಬೇಕು. ಮಕ್ಕಳ ಕಾರ್ಯಕ್ರಮದಲ್ಲಿ ಬಾಯಿ ಯಾವಾಗಲೂ ಕುಣಿಯುತ್ತಿರುತ್ತೆ. ದೊಡ್ಡವರದ್ದರಲ್ಲಿ ಹೆಚ್ಚು ಕಷ್ಟ ಅಂದರೆ ಮುಚ್ಚಿದ ಬಾಯಿ. ಒಂದು ಸಲ ಒಂದು ಹೆಂಗಸಿನ ಪಾತ್ರ, ಗಂಡ ಏನೋ ಹೇಳುತ್ತಾನೆ, ಅವಳು ಸುಮ್ಮನಿರಬೇಕು. 40 ಫ್ರೇಮ್. ಎರಡು ಸೆಕೆಂಡೂ ಇಲ್ಲ. ನಾನು ಕಣ್ಣಿನ ರೆಪ್ಪೆ ಎರಡು ಸಲ ಮಿಟುಕಿಸಿದ್ದೆ. ಅಲ್ಲಿನ ನಿರ್ದೇಶಕಿ ವಾಪಸ್ ಕಳಿಸಿದರು: ಒಂದು ಸಲ ಸಾಕು, ಅದೂ ಕೊನೆಯಲ್ಲಿ. ಬದಲಾಯಿಸಿ ನೋಡಿದೆ. ಅವಳಿಗೆ ಗಂಡನ ಮಾತು ಆಗಲೇ ಗೊತ್ತಿತ್ತು ಅನ್ನುವ ಹಾಗೆ ಕಂಡಿತು. ಇಡೀ ಸಂಸಾರ ಒಂದು ರೆಪ್ಪೆಯಲ್ಲಿ. ದೊಡ್ಡವರ ಅನಿಮೇಷನ್ ಅಂದರೆ ನನಗೆ ಆ ರೆಪ್ಪೆ.

ಆ ಕಾರ್ಯಕ್ರಮ ಒಂದೇ ಸೀಸನ್ನಿಗೆ ನಿಂತಿತು. ನಾವು ಹದಿನಾಲ್ಕು ಜನ ಒಂದೇ ಶುಕ್ರವಾರ ಕೆಲಸ ಕಳೆದುಕೊಂಡೆವು. ಸ್ಟುಡಿಯೋ ಹೆಸರು ಬೇಡ. ಇದು ನಮಗೊಬ್ಬರಿಗೇ ಆಗಿದ್ದಲ್ಲ. ಬೋಜ್ಯಾಕ್ ಪಾತ್ರಗಳಿಗೆ ರೂಪ ಕೊಟ್ಟ ಲೀಸಾ ಹನವಾಲ್ಟ್ ಅವರ ಸ್ವಂತ ಕಾರ್ಯಕ್ರಮ 'ಟೂಕಾ ಅಂಡ್ ಬರ್ಟಿ'ಯನ್ನು ನೆಟ್‌ಫ್ಲಿಕ್ಸ್ 2019ರಲ್ಲಿ ಒಂದೇ ಸೀಸನ್ನಿಗೆ ನಿಲ್ಲಿಸಿತು. ದೊಡ್ಡವರ ಕಾರ್ಟೂನ್ ಹಾಕುವ ಅಮೆರಿಕದ ಟಿವಿಯ ಅಡಲ್ಟ್ ಸ್ವಿಮ್ ಎತ್ತಿಕೊಂಡು ಎರಡು ಸೀಸನ್ ಮಾಡಿ, 2022ರಲ್ಲಿ ಅದೂ ನಿಲ್ಲಿಸಿತು.

ಬೆಳವಲದ_ಹುಡುಗಿ

ರೆಪ್ಪೆಯ ಮಾತು ಓದಿ ಮೈ ಜುಂ ಅಂತು. ಈಗ ಕೆಲಸ ಇದೆಯಾ ನಿಮಗೆ?

ಗೆರೆಗಾರ

ಇದೆ, ಆಟದ ಕಂಪನಿಯಲ್ಲಿ. ಕೇಳಿದ್ದಕ್ಕೆ ಥ್ಯಾಂಕ್ಸ್.

ಮಂಡಕ್ಕಿ

ಇವನ್ನೆಲ್ಲ ಕನ್ನಡಕ್ಕೆ ಡಬ್ ಮಾಡಿದರೆ ಅಡಿಕೆಸಿಪ್ಪೆಯ ಅಮ್ಮನಿಗೆ ಸುಲಭ ಆಗುತ್ತಿತ್ತು ಅಲ್ವಾ? ಮಕ್ಕಳ ಕಾರ್ಟೂನ್ ಕನ್ನಡದಲ್ಲಿ ಬರುತ್ತೆ. ದೊಡ್ಡವರಿಗೆ ಯಾಕಿಲ್ಲ?

ರಾತ್ರಿಪಾಳಿ

ಡಬ್ ಆದರೆ ಹಾಳಾಗುತ್ತೆ. ಬೋಜ್ಯಾಕ್‌ನಲ್ಲೇ ಐದನೇ ಸೀಸನ್‌ನ 'ಫ್ರೀ ಚುರ್ರೋ' ತಗೊಳ್ಳಿ. ಸಂಚಿಕೆ ಹೆಚ್ಚುಕಡಿಮೆ ಪೂರ್ತಿ ಅವನೊಬ್ಬನೇ ಅಮ್ಮನ ಶವಪೆಟ್ಟಿಗೆ ಪಕ್ಕ ನಿಂತು ಮಾತಾಡುತ್ತಾನೆ. ಸಾಯುವ ಮುಂಚೆ ಅಮ್ಮ ಆಸ್ಪತ್ರೆಯಲ್ಲಿ "ಐ ಸೀ ಯೂ" ಅಂದಳಂತೆ. ಜೀವನದಲ್ಲಿ ಮೊದಲ ಸಲ ಅಮ್ಮ ನನ್ನನ್ನು ನೋಡಿದಳು ಅಂತ ಅವನು ಅದನ್ನೇ ಹಿಡಿದುಕೊಂಡು ಮಾತಾಡುತ್ತಾನೆ. ಮಾತಾಡುತ್ತಾ ಮಾತಾಡುತ್ತಾ ಅವನಿಗೇ ಹೊಳೆಯುತ್ತೆ: ಅಮ್ಮ ಎದುರಿನ ಬೋರ್ಡು ಓದಿದ್ದು. ಐಸಿಯು. ಇದನ್ನು "ನಾನು ನಿನ್ನನ್ನು ನೋಡುತ್ತಿದ್ದೇನೆ" ಅಂತ ಮಾಡಿದರೆ ಕತೆ ಮುಗಿಯಿತು.

ಸಂಪಿಗೆ

ನಾನು ನರ್ಸ್, ದಾವಣಗೆರೆ. ಐಸಿಯು ಹೊರಗಿನ ಬೆಂಚಿನಲ್ಲಿ ಕೂರುವ ಹಳ್ಳಿಯ ಅಜ್ಜಂದಿರಿಗೂ ಆ ಮೂರು ಅಕ್ಷರ ಗೊತ್ತು. "ಐಸೀಯೂದಾಗ ಇಟ್ಟಾರ" ಅಂತ ಫೋನಿನಲ್ಲಿ ಹೇಳುತ್ತಾರೆ. ಹಾಗಾಗಿ ಆ ಮಾತನ್ನು ಮುಟ್ಟದೆ "ಐ ಸೀ ಯೂ" ಅಂತಲೇ ಬಿಟ್ಟು, ಉಳಿದಿದ್ದನ್ನು ಕನ್ನಡ ಮಾಡಬಹುದು. ಕನ್ನಡದಲ್ಲಿ ಅದು ಕೆಲಸ ಮಾಡುತ್ತೆ.

ಗೆರೆಗಾರ

ಒಳ್ಳೆಯ ಉಪಾಯ! ಬಾಯಿ ಮಾತ್ರ ತೊಂದರೆ. ಕನ್ನಡದ ಪದಗಳು ಹೆಚ್ಚಾಗಿ ಸ್ವರದಲ್ಲಿ ಮುಗಿಯುತ್ತವೆ: ಬಂದೆ, ಹೋಗು, ಅಮ್ಮ, ಬೇಡ. ಬಾಯಿ ತೆರೆದೇ ನಿಲ್ಲುತ್ತೆ. ಇಂಗ್ಲಿಷ್‌ನಲ್ಲಿ ಮಾತು ಎಷ್ಟೋ ಸಲ ಬಾಯಿ ಮುಚ್ಚಿ ಮುಗಿಯುತ್ತೆ. ಆದರೆ ಕುದುರೆ ಬಾಯಿಯನ್ನು ಜನ ಅಷ್ಟು ನೋಡುವುದಿಲ್ಲ. ಮನುಷ್ಯರನ್ನು ಡಬ್ ಮಾಡುವುದಕ್ಕಿಂತ ಸುಲಭ.

ರಾತ್ರಿಪಾಳಿ

ಐಸಿಯು ವಿಷಯದಲ್ಲಿ ಸೋತೆ, ಒಪ್ಪಿದೆ.

ಸಂಪಿಗೆ

ಅಡಿಕೆಸಿಪ್ಪೆ, ನಿಮ್ಮ ಪ್ರಶ್ನೆ ಕಾರ್ಟೂನ್ ಬಗ್ಗೆ. ಆದರೆ ನನಗೆ ನಿಮ್ಮ ಅಜ್ಜಿಯ ಬಸ್ಸೇ ತಲೆಯಲ್ಲಿ ಉಳಿಯಿತು. ನಾನು ಆ ಸಂಚಿಕೆ ನೋಡಿರಲಿಲ್ಲ. ನೀವು ಬರೆದದ್ದು ಓದಿ ನೆನ್ನೆ ನೈಟ್ ಡ್ಯೂಟಿ ಮುಗಿಸಿ ಬಂದು ನೋಡಿದೆ.

ಮರೆವಿನ ಕಾಯಿಲೆಯವರಿಗೆ ಹತ್ತಿರದ ನೆನಪು ಮೊದಲು ಹೋಗುತ್ತೆ, ಚಿಕ್ಕಂದಿನದ್ದು ಸಾಮಾನ್ಯವಾಗಿ ಹೆಚ್ಚು ಕಾಲ ಉಳಿಯುತ್ತೆ. ಅದನ್ನು ಸರಿಯಾಗಿ ತೋರಿಸಿದ್ದಾರೆ. ಚಿಕ್ಕಂದಿನ ಬಿಯಾಟ್ರಿಸ್, ಬೆಂಕಿಯಲ್ಲಿ ಸುಡುವ ಅವಳ ಗೊಂಬೆ, ಅದು ಮಾತ್ರ ಹೊಚ್ಚ ಹೊಸದಾಗಿ ಇದೆ. ಆಮೇಲೆ ಕೊನೆಯ ದೃಶ್ಯ. ಹಾಳು ಕೋಣೆ, ಕಿಟಕಿ ಹೊರಗೆ ಕಸದ ಡಬ್ಬ. ಮಗನಿಗೆ ಅವಳ ಮೇಲೆ ಜನ್ಮದ ಸಿಟ್ಟು. ಅವಳು ನಾನೆಲ್ಲಿದ್ದೇನೆ ಅಂತ ಕೇಳುತ್ತಾಳೆ. ಅವನು ನಿಜ ಹೇಳುವುದಿಲ್ಲ. ನೀನು ಮಿಷಿಗನ್‌ನ ಸರೋವರದ ಮನೆಯಲ್ಲಿದ್ದೀಯ, ಎಲ್ಲರೂ ಇದ್ದಾರೆ, ಐಸ್‌ಕ್ರೀಮ್ ತಿನ್ನುತ್ತಿದ್ದೀರಿ ಅಂತಾನೆ. ರುಚಿ ಗೊತ್ತಾಗುತ್ತಾ ಅಮ್ಮ ಅಂತ ಕೇಳುತ್ತಾನೆ.

ನಮಗೆ ಟ್ರೈನಿಂಗ್‌ನಲ್ಲಿ ಇದನ್ನೇ ಹೇಳಿಕೊಡುತ್ತಾರೆ. ತಿದ್ದಬೇಡಿ, ಜಗಳ ಬೇಡ, ಅವರು ಇರುವ ಜಾಗಕ್ಕೆ ನೀವು ಹೋಗಿ. ಬಸ್ಸು ಬಂತಾ ಅಂದರೆ ಬಸ್ಸಿಲ್ಲ ಅನ್ನುವ ಬದಲು ಊರಿನಲ್ಲಿ ಯಾರಿದ್ದಾರೆ ಅಂತ ಕೇಳಿ. ಅವರಿಗೆ ಬೇಕಾಗಿರುವುದು ಬಸ್ಸಲ್ಲ.

ಅಡಿಕೆಸಿಪ್ಪೆ

ಸಂಪಿಗೆ ಅವರೇ, ಇದನ್ನು ನಾಲ್ಕು ಸಲ ಓದಿದೆ. ಯಾವ ಡಾಕ್ಟರೂ ನಮಗೆ ಇದನ್ನು ಇಷ್ಟು ಬಿಡಿಸಿ ಹೇಳಿರಲಿಲ್ಲ.

ಹಳೇರೀಲು

'ಫ್ಲೀ' ಕೂಡ ಸೇರಿಸಿಕೊಳ್ಳಿ ಪಟ್ಟಿಗೆ. 2021, ಡೆನ್ಮಾರ್ಕ್. ಅಫ್ಘಾನಿಸ್ತಾನದಿಂದ ಓಡಿಬಂದ ಒಬ್ಬರ ನಿಜ ಕತೆ. ಅವರ ಗುರುತು ಮುಚ್ಚಿಡೋಕೆ ಅನಿಮೇಷನ್ ಮಾಡಿದರು. ಗೆರೆಯೇ ಅವರಿಗೆ ಮರೆ. ಆಸ್ಕರ್‌ನಲ್ಲಿ ಅನಿಮೇಷನ್, ಸಾಕ್ಷ್ಯಚಿತ್ರ, ವಿದೇಶಿ ಸಿನಿಮಾ, ಮೂರೂ ವಿಭಾಗಕ್ಕೆ ಒಟ್ಟಿಗೆ ನಾಮನಿರ್ದೇಶನಗೊಂಡ ಮೊದಲ ಸಿನಿಮಾ. ಆ ವರ್ಷದ ಸಮಾರಂಭದ ವೇದಿಕೆಯಲ್ಲೇ ಅನಿಮೇಷನ್ ಅಂದರೆ ಮಕ್ಕಳು ಮತ್ತೆ ಮತ್ತೆ ನೋಡುವಂಥದ್ದು ಅನ್ನುವ ಅರ್ಥದ ಮಾತು ಆಡಿದರು. ಫ್ಲೀ ಆ ಪಟ್ಟಿಯಲ್ಲಿ ಇದ್ದಾಗಲೇ! ನನಗೆ ಇವತ್ತಿಗೂ ಅದನ್ನು ನೆನೆದರೆ ಸಿಟ್ಟು ಬರುತ್ತೆ.

ಹಳ್ಳಿಮೇಷ್ಟ್ರು

ಎಣ್ಣೆ ಬಣ್ಣದಲ್ಲಿ ಮಾಡಿದ ಒಂದು ಸಿನಿಮಾ ಇದೆಯಂತಲ್ಲ, ಚಿತ್ರಕಾರ ವ್ಯಾನ್‌ಗೋ ಬಗ್ಗೆ?

ಗೆರೆಗಾರ

'ಲವಿಂಗ್ ವಿನ್ಸೆಂಟ್', 2017. ಸುಮಾರು 65,000 ಫ್ರೇಮ್, ಪ್ರತಿಯೊಂದೂ ಕ್ಯಾನ್ವಾಸ್ ಮೇಲೆ ಕೈಯಲ್ಲಿ ಬರೆದಿದ್ದು. ನೂರಕ್ಕೂ ಹೆಚ್ಚು ಚಿತ್ರಕಾರರು, ಹೆಚ್ಚಾಗಿ ಪೋಲೆಂಡಿನಲ್ಲಿ. ಮೇಷ್ಟ್ರೇ, ಮಕ್ಕಳಿಗೆ ಚಿತ್ರಕಲೆ ಹೇಳಿಕೊಡುತ್ತಿದ್ದರೆ ಕೆಲವು ದೃಶ್ಯ ತೋರಿಸಿ. ಕತೆ ಆತ್ಮಹತ್ಯೆಯ ಸುತ್ತ ಇದೆ, ಹಾಗಾಗಿ ಪೂರ್ತಿ ಬೇಡ.

ಅಡಿಕೆಸಿಪ್ಪೆ

ಆರು ದಿನದ ನಂತರ ಬರೆಯುತ್ತಿದ್ದೇನೆ. ಪರ್ಸೆಪೊಲಿಸ್ ಹುಡುಕಿದೆ, ಸಿಗಲಿಲ್ಲ. ಕೊನೆಗೆ ಗುರುವಾರ ರಾತ್ರಿ ಅಮ್ಮನನ್ನು ಕೂರಿಸಿ ಅದೇ ಕುದುರೆ ಸಂಚಿಕೆ ಹಾಕಿದೆ. ಪ್ರತಿ ಮಾತು ಆದಮೇಲೂ ನಿಲ್ಲಿಸಿ ಕನ್ನಡದಲ್ಲಿ ಹೇಳಿದೆ. 25 ನಿಮಿಷದ್ದು ಒಂದೂಕಾಲು ಗಂಟೆ ಆಯಿತು. ಮೊದಲು ಅಮ್ಮ ಬಟ್ಟೆ ಮಡಚುತ್ತಾ ನೋಡುತ್ತಿದ್ದರು. ಮುಖದ ಮೇಲಿನ ಗೀಚು ಬಂದಾಗ "ಇದ್ಯಾಕೆ ಹೀಗೆ ಗೀಚಿದಾರೆ?" ಅಂದರು. ಹೇಳಿದೆ. ಆಮೇಲೆ ಬಟ್ಟೆ ಮಡಚಲಿಲ್ಲ. ಐಸ್‌ಕ್ರೀಮ್ ದೃಶ್ಯ ನಾನು ಅನುವಾದ ಮಾಡುವ ಮುಂಚೆ "ಗೊತ್ತಾಯ್ತು ಬಿಡು" ಅಂದರು. ಮುಗಿದ ಮೇಲೆ ಚೆನ್ನಾಗಿದೆ ಅಂತಲೂ ಅನ್ನಲಿಲ್ಲ, ಚೆನ್ನಾಗಿಲ್ಲ ಅಂತಲೂ ಅನ್ನಲಿಲ್ಲ. ಮಲಗಿದರು.

ನೆನ್ನೆ ಸಂಜೆ ಅಜ್ಜಿ ಮತ್ತೆ ಚೀಲ ಹಿಡಿದು ಬಾಗಿಲಿಗೆ ಬಂದರು. "ತೀರ್ಥಳ್ಳಿ ಬಸ್ಸು ಬಂತಾ?" ನಾನು ರೂಮಿನಲ್ಲಿದ್ದೆ. ಅಮ್ಮ ಒಲೆ ಆರಿಸಿ ಬಂದು, "ಇವತ್ತು ಸ್ವಲ್ಪ ಲೇಟಂತೆ ಅತ್ತೆ, ಕೂತ್ಕೊಳ್ಳಿ. ಆಗುಂಬೆ ಕಡೆ ಮಳೆಯಂತೆ" ಅಂದರು. ಅಜ್ಜಿ ಕೂತರು. ಚೀಲ ತೊಡೆ ಮೇಲಿಟ್ಟುಕೊಂಡು ಮಳೆಗಾಲದಲ್ಲಿ ಹಪ್ಪಳ ಸುಡುತ್ತಿದ್ದ ಕತೆ ಶುರು ಮಾಡಿದರು. ಅಮ್ಮನೂ ಪಕ್ಕ ಕೂತು ಕೇಳಿದರು.

ಸಂಪಿಗೆ

ಅಮ್ಮನಿಗೆ ನನ್ನ ನಮಸ್ಕಾರ ಹೇಳಿ.

ಮಂಡಕ್ಕಿ

ನಾಲ್ಕನೇ ಸೀಸನ್, 11ನೇ ಸಂಚಿಕೆ ಅಲ್ವಾ? ಹಿಂದಿನದ್ದು ನೋಡದೆ ಇದ್ದರೆ ಅರ್ಥ ಆಗುತ್ತಾ? ನಮ್ಮನೆಯಲ್ಲೂ ಅಜ್ಜ ಇದ್ದಾರೆ.

ಅಡಿಕೆಸಿಪ್ಪೆ

ಆಗುತ್ತೆ. ಅಮ್ಮ ಹಿಂದಿನದ್ದು ಏನೂ ನೋಡಿರಲಿಲ್ಲ.